ಹಸಿವಾಗುತ್ತಿತ್ತು, ತಿನ್ನುತ್ತಿರಲಿಲ್ಲ

ನನ್ನ ಆಸ್ಪತ್ರೆ ಫೈಲಿನ ಮೊದಲ ಪುಟದಲ್ಲಿ ಎರಡು ಕಾಯಿಲೆಗಳ ಹೆಸರಿದೆ. ಮೇಲೆ ಅನೊರೆಕ್ಸಿಯಾ ನರ್ವೋಸಾ, ಅಂದರೆ ದಪ್ಪಗಾಗುವ ಭಯಕ್ಕೆ ಊಟ ಬಿಡುತ್ತಾ ಹೋಗುವ ಕಾಯಿಲೆ, ಅದರ ಕೆಳಗೆ ಖಿನ್ನತೆ. ಇವೆರಡೂ ಒಂದೇ ಪುಟಕ್ಕೆ ಬರುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ಅದಕ್ಕೂ ಮೊದಲು ಹೊಟ್ಟೆಗೆ ಒಬ್ಬ ಡಾಕ್ಟರು, ಮುಟ್ಟಿಗೆ ಇನ್ನೊಬ್ಬರು, ಮನಸ್ಸಿಗೆ ಮತ್ತೊಬ್ಬರು ಅಂತ ಓಡಾಡಿದ್ದೆವು. ಅವರಲ್ಲಿ ಯಾರೂ ಕೆಟ್ಟ ಡಾಕ್ಟರಲ್ಲ. ಅವರವರ ಮುಂದೆ ಎಷ್ಟು ಕಂಡಿತೋ ಅಷ್ಟಕ್ಕೆ ಮದ್ದು ಕೊಟ್ಟರು. ಪೂರ್ತಿ ಕಂಡವರು ಕೊನೆಗೆ ಸಿಕ್ಕ ಒಬ್ಬರೇ. ಅದು ಹೇಗೆ ಕಂಡಿತು, ಕಂಡ ಮೇಲೆ ಏನೇನಾಯಿತು ಅನ್ನುವುದನ್ನು ಬರೆಯುತ್ತಿದ್ದೇನೆ. ನನ್ನ ಹಾಗೆ ಅರ್ಧ ಕಾಯಿಲೆಗೆ ಮಾತ್ರ ಔಷಧಿ ತಿನ್ನುತ್ತಿರುವವರು ಇನ್ನೂ ಎಷ್ಟೋ ಜನ ಇದ್ದಾರೆ ಅಂತ ನನಗೆ ಗೊತ್ತು.

ತೂಕ ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು, ದಿನಕ್ಕೆ ಎಷ್ಟು ಕ್ಯಾಲೊರಿ, ತಿನ್ನದೇ ಇದ್ದದ್ದನ್ನು ಮನೆಯವರಿಂದ ಹೇಗೆ ಮುಚ್ಚಿಟ್ಟೆ ಅನ್ನುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಕಾಯಿಲೆ ಜೋರಾಗಿದ್ದಾಗ ಇಂಥ ಬರಹಗಳನ್ನು ನಾನು ಹುಡುಕಿ ಓದುತ್ತಿದ್ದದ್ದೇ ಆ ಅಂಕಿಗಳಿಗಾಗಿ. ಇವತ್ತು ಹಾಗೆ ಹುಡುಕುತ್ತಾ ಬಂದವರಿಗೆ ನನ್ನಿಂದ ಅದು ಸಿಗಬಾರದು.

ನಾನು ಹಾಸನ ಜಿಲ್ಲೆಯ ಹಳ್ಳಿಯವಳು. ಸೆಕೆಂಡ್ ಪಿಯುಸಿಯಲ್ಲಿದ್ದಾಗ ಒಂದು ಇಡೀ ಮಳೆಗಾಲ ಮಂಕಾಗಿ ಕಳೆದಿದ್ದೆ. ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ, ಬೆಳಗಿನ ಜಾವಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ, ಸ್ನಾನಕ್ಕೆ ಏಳುವುದಕ್ಕೂ ಮೈಯಲ್ಲಿ ತ್ರಾಣ ಇರಲಿಲ್ಲ. ಪರೀಕ್ಷೆ ಟೆನ್ಶನ್ ಅಂದುಕೊಂಡರು ಮನೆಯಲ್ಲಿ. ಪರೀಕ್ಷೆ ಮುಗಿದರೂ ಅದು ಪೂರ್ತಿ ಬಿಟ್ಟುಹೋಗಲಿಲ್ಲ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಪೀಜಿಯಲ್ಲಿದ್ದಾಗ ಮತ್ತೆ ಬಂತು. ಈ ಸಲ ಅದರ ಹಿಂದೆಯೇ ಡಯಟ್ ಬಂತು.

ಅಣ್ಣನ ಮದುವೆಯಲ್ಲಿ ಪಂಕ್ತಿಗೆ ಕೂತಿದ್ದಾಗ ಸೋದರತ್ತೆಯೊಬ್ಬರು, "ಏನೇ, ಬೆಂಗ್ಳೂರು ನೀರು ಚೆನ್ನಾಗೇ ಹಿಡಿದಿದೆ ನಿಂಗೆ" ಅಂದರು. ಅಕ್ಕಪಕ್ಕದ ಎಲೆಯವರು ನಕ್ಕರು. ಆ ಮಾತಿನಿಂದಲೇ ಕಾಯಿಲೆ ಬಂತು ಅಂತ ನಾನು ಹೇಳುವುದಿಲ್ಲ. ಅಂಥ ಮಾತು ಕೇಳದೆ ಬೆಳೆದ ಹುಡುಗಿ ನಮ್ಮ ಕಡೆ ಇಲ್ಲ, ಕಾಯಿಲೆ ಬೀಳುವವರು ಕೆಲವರೇ. ಹುಟ್ಟಿನಿಂದ ಬಂದದ್ದು, ಎಲ್ಲವೂ ಅಚ್ಚುಕಟ್ಟಾಗಿರಬೇಕು ಅನ್ನುವ ಸ್ವಭಾವ, ಮೊದಲೇ ಒಳಗಿದ್ದ ಖಿನ್ನತೆ ಎಲ್ಲ ಸೇರಿದ ಮೇಲೆ ಆಗುವ ಕಾಯಿಲೆ ಇದು. ಆದರೆ ತಾನು ಯಾವುದಕ್ಕೂ ಬಾರದವಳು ಅಂತ ವರ್ಷಗಳಿಂದ ನಂಬಿಕೊಂಡು, ದೋಷ ಎಲ್ಲಿದೆ ಅಂತ ಹುಡುಕುತ್ತಿದ್ದ ಮನಸ್ಸಿಗೆ ಅವತ್ತು ನನ್ನ ಮೈ ಸಿಕ್ಕಿತು.

ಊಟ ಕಡಿಮೆ ಮಾಡಿದ ಮೊದಲ ದಿನಗಳಲ್ಲಿ ನನಗೆ ಹಿತವಾಗಿತ್ತು. ಇದನ್ನು ಹೇಳದಿದ್ದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೆ ಯಾವುದೂ ಕೈಗೆ ಹತ್ತದೆ ಇದ್ದವಳಿಗೆ ಒಂದು ಕೆಲಸವಾದರೂ ಸರಿಯಾಗಿ ಮಾಡುತ್ತಿದ್ದೇನೆ ಅನ್ನಿಸಿತು. ಹಸಿವು ಜೋರಾದಾಗ ದುಃಖ ಹಿಂದೆ ಸರಿಯುತ್ತಿತ್ತು. ಆಫೀಸಿನಲ್ಲಿ ಎಲ್ಲರೂ, "ಏನು ಮಾಡ್ತಿದ್ದೀಯಾ, ನಮಗೂ ಹೇಳು" ಅಂದರು. ಊರಿನಲ್ಲಿ ಉಪವಾಸಕ್ಕೆ ಎಂಥಾ ಗೌರವವಿದೆ ನೋಡಿ: ಸೋಮವಾರ ಶಿವನಿಗೆ, ಗುರುವಾರ ರಾಯರಿಗೆ, ಶನಿವಾರ ಆಂಜನೇಯನಿಗೆ, ನಡುವೆ ಸಂಕಷ್ಟಿ, ಏಕಾದಶಿ. "ಇವತ್ತು ಉಪವಾಸ ಅಮ್ಮ" ಅಂದರೆ ಫೋನಿನ ಆ ಕಡೆಯಿಂದ ಸಂತೋಷವೇ ಕೇಳಿಸುತ್ತಿತ್ತು. ವ್ರತವನ್ನು ನಾನು ಬೈಯುತ್ತಿಲ್ಲ. ನಮ್ಮಜ್ಜಿ ಜೀವನಪೂರ್ತಿ ಏಕಾದಶಿ ಮಾಡಿದರು. ದ್ವಾದಶಿ ಬೆಳಿಗ್ಗೆ ಬೇಗ ಎದ್ದು ಅಡುಗೆ ಮಾಡಿ, ಖುಷಿಯಾಗಿ ಉಂಡು, ಎಲ್ಲರಿಗೂ ಬಡಿಸುತ್ತಿದ್ದರು. ನನ್ನ ಉಪವಾಸಕ್ಕೆ ಪಾರಣೆ ಅನ್ನುವುದೇ ಇರಲಿಲ್ಲ.

ಕೆಲವು ತಿಂಗಳಲ್ಲಿ ಆ ಹಿತ ಹೋಯಿತು, ಆದರೂ ನಿಲ್ಲಿಸಲು ಆಗಲಿಲ್ಲ. ಎರಡು ತುತ್ತಿಗೇ ಹೊಟ್ಟೆ ಉಬ್ಬರ. ಮಲಬದ್ಧತೆ. ಸುಡು ಏಪ್ರಿಲ್‌ನಲ್ಲೂ ಸ್ವೆಟರ್ ಬೇಕು. ಬಾಚಣಿಗೆ ತುಂಬ ಕೂದಲು. ಹೊಟ್ಟೆಯದನ್ನು ಗ್ಯಾಸ್ಟ್ರಿಕ್ ಅಂದರು, ಎಂಡೋಸ್ಕೋಪಿ ಮಾಡಿಸಿದರು, ಏನೂ ಸಿಗಲಿಲ್ಲ. ಊಟ ಸಾಲದ ದೇಹದಲ್ಲಿ ಹೊಟ್ಟೆ ಖಾಲಿಯಾಗುವುದೇ ನಿಧಾನವಾಗುತ್ತದೆ, ಅದಕ್ಕೇ ಆ ಉಬ್ಬರ ಅಂತ ನನಗೆ ಗೊತ್ತಾದದ್ದು ಬಹಳ ಆಮೇಲೆ. ಮುಟ್ಟು ನಿಂತಾಗ ಮಾತ್ರೆ ಕೊಟ್ಟು ತರಿಸಿದರು. ಮಾತ್ರೆ ಬಿಟ್ಟರೆ ಮತ್ತೆ ನಿಲ್ಲುತ್ತಿತ್ತು. ಅಪ್ಪ ದೃಷ್ಟಿ ತೆಗೆಸಿದರು. ದೊಡ್ಡಮ್ಮ, "ಒಂದು ಗಂಡು ನೋಡಿ ಮದುವೆ ಮಾಡ್ಬಿಡಿ, ಎಲ್ಲಾ ಸರಿಹೋಗುತ್ತೆ" ಅಂದರು.

ಆಫೀಸಿನ ಮೆಟ್ಟಿಲಲ್ಲಿ ಅಳುತ್ತಾ ಕೂತಿದ್ದನ್ನು ನೋಡಿದ ಗೆಳತಿಯೊಬ್ಬಳು ಮನೋವೈದ್ಯರ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಅಲ್ಲಿ ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲವೇ, ಮನಸ್ಸು ಕುಗ್ಗಿದೆಯೇ, ನಿದ್ದೆ ಹೇಗೆ, ಸುಸ್ತೇ ಅಂತ ಒಂದೊಂದಾಗಿ ಗುರುತು ಹಾಕುತ್ತಾ ಹೋಗಬೇಕು. ಖಿನ್ನತೆ ಗುರುತಿಸಲು ಜಗತ್ತಿನ ಎಲ್ಲ ಕಡೆ ಬಳಸುವ ಹಾಳೆ ಅದು. ಐದನೆಯ ಪ್ರಶ್ನೆ ಹಸಿವಿನ ಬಗ್ಗೆ: ಹಸಿವು ಕಡಿಮೆಯಾಗಿದೆಯೇ, ಅಥವಾ ಅತಿಯಾಗಿ ತಿನ್ನುತ್ತಿದ್ದೀರಾ? ನಾನು 'ಹೆಚ್ಚುಕಡಿಮೆ ದಿನವೂ' ಅನ್ನುವ ಮನೆಗೆ ಗುರುತು ಹಾಕಿದೆ. ಎಲ್ಲ ಕೂಡಿ ನೋಡಿದಾಗ ಖಿನ್ನತೆ ಅಂತ ಬಂತು. ಅದು ನಿಜವೂ ಆಗಿತ್ತು. ಮಾತ್ರೆ ಶುರುವಾಯಿತು. ನಿದ್ದೆ ಸ್ವಲ್ಪ ಹತ್ತಿತು, ಉಳಿದದ್ದು ಕದಲಲಿಲ್ಲ. ಡೋಸ್ ಏರಿತು, ಆಮೇಲೆ ಮಾತ್ರೆಯೇ ಬದಲಾಯಿತು. ತೂಕದ ಯಂತ್ರ ಆ ಕೋಣೆಯಲ್ಲಿ ಇರಲಿಲ್ಲ. ಸಡಿಲ ಚೂಡಿದಾರದೊಳಗೆ ಏನಾಗುತ್ತಿದೆ ಅಂತ ಯಾರಿಗೂ ಕಾಣುತ್ತಿರಲಿಲ್ಲ.

ಪೀಜಿಯಲ್ಲಿ ತಲೆಸುತ್ತಿ ಬಿದ್ದ ಮೇಲೆ ಅಪ್ಪ ಬಂದು ಊರಿಗೆ ಕರೆದೊಯ್ದರು. ಅಲ್ಲಿಂದ ಮೈಸೂರಿನ ಒಂದು ದೊಡ್ಡ ಆಸ್ಪತ್ರೆಗೆ. ಮನೋವೈದ್ಯ ವಿಭಾಗದ ಹಿರಿಯ ಡಾಕ್ಟರಮ್ಮ ಹಳೇ ಚೀಟಿಗಳನ್ನೆಲ್ಲ ಓದಿ ಮುಗಿಸಿ ಪಕ್ಕಕ್ಕಿಟ್ಟರು.

"ಹಸಿವಾಗಲ್ವಾ? ಇಲ್ಲಾ ಹಸಿವಾದ್ರೂ ತಿನ್ನಲ್ವಾ?"

ಅಮ್ಮ ಪಕ್ಕದಲ್ಲೇ ಕೂತಿದ್ದರು. ನನಗೆ ಉತ್ತರ ಹೇಳಲು ಬಹಳ ಹೊತ್ತು ಬೇಕಾಯಿತು. "ಹಸಿವಾಗುತ್ತೆ ಮೇಡಂ. ಯಾವಾಗ್ಲೂ ಹಸಿವೇ."

"ತಿಂದ್ರೆ ಏನಾಗುತ್ತೆ ಅನ್ಸುತ್ತೆ?"

"ಭಯ ಆಗುತ್ತೆ. ತಪ್ಪು ಮಾಡಿದೆ ಅನ್ಸುತ್ತೆ."

ಇಷ್ಟೇ ಮಾತು. ಬರಿಯ ಖಿನ್ನತೆಯಲ್ಲಿ ಸಾಮಾನ್ಯವಾಗಿ ಹಸಿವೇ ಸಾಯುತ್ತದೆ, ನಾಲಿಗೆಗೆ ರುಚಿ ಇರುವುದಿಲ್ಲ, ತೂಕ ಇಳಿದರೆ ಇಳಿಯಿತು, ಅದರ ಕಡೆ ಗಮನವೂ ಇರುವುದಿಲ್ಲ. ನನ್ನಲ್ಲಿ ಹಸಿವು ಬದುಕಿತ್ತು, ನಾನು ಅದರ ಜೊತೆ ಹೋರಾಡುತ್ತಿದ್ದೆ. ತೂಕದ ಕಡೆ ಬಿಟ್ಟು ಬೇರೆ ಕಡೆ ನನ್ನ ಗಮನವೇ ಇರಲಿಲ್ಲ. ಒಂಬತ್ತು ಪ್ರಶ್ನೆಗಳ ಹಾಳೆಯಲ್ಲಿ ಈ ಎರಡಕ್ಕೂ ಒಂದೇ ಗುರುತು ಬೀಳುತ್ತದೆ. ಆಮೇಲೆ ಅವರು, ಸಾಯಬೇಕು ಅನ್ನಿಸುತ್ತದೆಯಾ ಅಂತ ನೇರವಾಗಿ ಕೇಳಿದರು. ಬೆಳಿಗ್ಗೆ ಎಚ್ಚರವಾಗದಿದ್ದರೆ ಸಾಕು ಅನ್ನಿಸುತ್ತದೆ ಅಂದೆ. ಅಮ್ಮ ಅಲ್ಲೇ ಅತ್ತರು. ಆ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅಂತ ಎಷ್ಟೋ ಜನ ಹೆದರುತ್ತಾರೆ. ಹಾಗೆ ಬರುವುದಿಲ್ಲ. ನನಗಂತೂ ಎದೆ ಮೇಲಿನ ಭಾರ ಇಳಿದ ಹಾಗಾಯಿತು. ಅನೊರೆಕ್ಸಿಯಾ ಮಾನಸಿಕ ಕಾಯಿಲೆಗಳಲ್ಲೇ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಒಂದು. ಅದರಲ್ಲಿ ಒಂದು ಪಾಲು ದೇಹ ಸೋತು ಹೋಗುವ ಜೀವಗಳು, ಇನ್ನೊಂದು ಪಾಲು ಆತ್ಮಹತ್ಯೆ. ಕೇಳದೆ ಬಿಡುವ ಹಾಗೇ ಇಲ್ಲ.

ಅವತ್ತೇ ಅಡ್ಮಿಟ್ ಮಾಡಿಕೊಂಡರು. ಇಸಿಜಿಯಲ್ಲಿ ಎದೆಬಡಿತ ತೀರಾ ನಿಧಾನವಿತ್ತು. ಅಪ್ಪ ಎಳನೀರು, ತುಪ್ಪ, ಕಡುಬು ಅಂತ ಚೀಲ ತುಂಬಿಸಿಕೊಂಡು ಬಂದಾಗ ಡಾಕ್ಟರಮ್ಮ ತಡೆದು ಕೂರಿಸಿ ವಿವರಿಸಿದರು. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ತುಂಬಾ ಊಟ ಬಿದ್ದರೆ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಷಿಯಂ ಜೀವಕೋಶಗಳೊಳಗೆ ಓಡಿಬಿಡುತ್ತವೆ, ರಕ್ತದಲ್ಲಿ ಅವು ಕುಸಿದರೆ ಹೃದಯದ ಲಯ ತಪ್ಪಬಹುದು. ಎರಡನೇ ಮಹಾಯುದ್ಧದಲ್ಲಿ ಸೆರೆಶಿಬಿರಗಳಿಂದ ಬಿಡುಗಡೆಯಾಗಿ ಬಂದ ಹಸಿದ ಜನ ಊಟ ಸಿಕ್ಕ ಮೇಲೆ ಸತ್ತದ್ದನ್ನು ನೋಡಿ ವೈದ್ಯರು ಇದನ್ನು ಕಲಿತರಂತೆ. "ಬಿರುಕು ಬಿಟ್ಟ ಗದ್ದೆಗೆ ಒಂದೇ ಸಲ ತೂಬು ಎತ್ತಿ ನೀರು ಬಿಟ್ರೆ ಏನಾಗುತ್ತೆ ಯಜಮಾನ್ರೆ?" ಅಂದರು. ಅಪ್ಪನಿಗೆ ತಕ್ಷಣ ಗೊತ್ತಾಯಿತು. ಮೊದಲು ಥಯಾಮಿನ್ ಅನ್ನುವ ವಿಟಮಿನ್ನಿನ ಇಂಜೆಕ್ಷನ್, ದಿನಾ ರಕ್ತ ಪರೀಕ್ಷೆ, ಸ್ವಲ್ಪ ಸ್ವಲ್ಪವೇ ಊಟ. ತೂಕ ನೋಡುವಾಗ ಯಂತ್ರಕ್ಕೆ ಬೆನ್ನು ಹಾಕಿ ನಿಲ್ಲಿಸುತ್ತಿದ್ದರು, ಅಂಕಿ ನನಗೆ ಹೇಳುತ್ತಿರಲಿಲ್ಲ.

ಒಂದು ಸಂಜೆ ನಾನು ಅವರ ಹತ್ತಿರ, "ನನ್ನ ದುಃಖಕ್ಕೆ ಏನೂ ಮಾಡದೆ ಬರೀ ಊಟ ಊಟ ಅಂತೀರಲ್ಲ" ಅಂದೆ. ಅದಕ್ಕೆ ಅವರು ಒಂದು ಪ್ರಯೋಗದ ಕಥೆ ಹೇಳಿದರು. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ 1944ರ ಕೊನೆಗೆ ಶುರುವಾದದ್ದು. ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ, ಯುದ್ಧಕ್ಕೆ ಹೋಗಲು ಒಪ್ಪದ 36 ಯುವಕರನ್ನು ಆರಿಸಿಕೊಂಡರು. ದೇಹ, ಮನಸ್ಸು ಎರಡೂ ಗಟ್ಟಿ ಅಂತ ಪರೀಕ್ಷೆ ಮಾಡಿಯೇ ತೆಗೆದುಕೊಂಡದ್ದು. ಆರು ತಿಂಗಳ ಕಾಲ ಅವರ ಊಟವನ್ನು ಸುಮಾರು ಅರ್ಧಕ್ಕೆ ಇಳಿಸಿದರು. ತೂಕ ಕಾಲುಭಾಗ ಇಳಿಯಿತು. ಅದಕ್ಕಿಂತ ಮುಖ್ಯವಾದದ್ದು ಮನಸ್ಸಿಗೆ ಆದದ್ದು. ನಗುನಗುತ್ತಾ ಬಂದ ಹುಡುಗರು ಮಂಕಾದರು, ಸಿಡುಕರಾದರು, ಸ್ನೇಹಿತರಿಂದ ದೂರ ಸರಿದರು, ಓದು ತಲೆಗೆ ಹತ್ತದಾಯಿತು, ಚಳಿ ಅಂದರು. ಇಡೀ ದಿನ ಊಟದ್ದೇ ಧ್ಯಾನ. ಕೆಲವರು ಅಡುಗೆ ಪುಸ್ತಕ ಕೂಡಿಹಾಕಲು ಶುರುಮಾಡಿದರು, ತಟ್ಟೆ ನೆಕ್ಕಿದರು, ಒಂದು ಊಟವನ್ನು ಗಂಟೆಗಟ್ಟಲೆ ಎಳೆದರು. ಅವರಲ್ಲಿ ಯಾರಿಗೂ ದಪ್ಪಗಾಗುವ ಭಯ ಇರಲಿಲ್ಲ. ಬರೀ ಹಸಿವು ಅಷ್ಟನ್ನೂ ಮಾಡಿತ್ತು. ಊಟ ಮತ್ತೆ ಕೊಟ್ಟ ಮೇಲೂ ಸುಧಾರಿಸಲು ತಿಂಗಳುಗಳು ಹಿಡಿದವು.

ನಾನು ಸುಮ್ಮನಾದೆ. ಪೀಜಿಯಲ್ಲಿ ಮಧ್ಯರಾತ್ರಿವರೆಗೆ ಫೋನಿನಲ್ಲಿ ಹೋಳಿಗೆ, ಬಿರಿಯಾನಿ, ಮೈಸೂರುಪಾಕು ಮಾಡುವ ವೀಡಿಯೊಗಳನ್ನು ಒಂದಾದ ಮೇಲೊಂದು ನೋಡುತ್ತಿದ್ದೆ. ರೂಮಿನವರಿಗೆಲ್ಲ ಭಾನುವಾರ ಅಡುಗೆ ಮಾಡಿ ಬಡಿಸಿ, ನಾನು ಒಂದು ಚಮಚವನ್ನೂ ಬಾಯಿಗೆ ಇಡುತ್ತಿರಲಿಲ್ಲ. ನನಗೇನೋ ವಿಚಿತ್ರ ಹುಚ್ಚು ಅಂದುಕೊಂಡು ಯಾರಿಗೂ ಹೇಳಿರಲಿಲ್ಲ. ನನ್ನ ದುಃಖದಲ್ಲಿ ಹಸಿವಿನ ಪಾಲು ಎಷ್ಟು, ಖಿನ್ನತೆಯ ಪಾಲು ಎಷ್ಟು ಅಂತ ಹೊಟ್ಟೆಗೆ ಬೀಳುವವರೆಗೆ ಯಾರೂ ಹೇಳಲಾರರು ಅಂತ ಅವತ್ತು ಒಪ್ಪಿಕೊಂಡೆ. ಈ ಎರಡು ಕಾಯಿಲೆಗಳಿಗೆ ಸಾಮಾನ್ಯವಾದದ್ದು ಎಷ್ಟೊಂದಿದೆ: ನಿದ್ದೆಗೇಡು, ಏಕಾಗ್ರತೆ ಇಲ್ಲದಿರುವುದು, ಜನ ಬೇಡವಾಗುವುದು, ಸಿಡುಕು, ಎಲ್ಲಕ್ಕೂ ತನ್ನದೇ ತಪ್ಪು ಅನ್ನಿಸುವುದು. ಇವುಗಳಲ್ಲಿ ಅರ್ಧಕ್ಕರ್ಧ ಹಸಿವೊಂದೇ ತರಬಲ್ಲದು. ತಾನು ಯಾವುದಕ್ಕೂ ಲಾಯಕ್ಕಿಲ್ಲ ಅನ್ನುವ ನಂಬಿಕೆ ಮಾತ್ರ ಇನ್ನೂ ಆಳದ್ದು. ಊಟ ಬಿಡುವುದಕ್ಕೂ ಮುಂಚೆ ಇತ್ತು, ಮತ್ತೆ ಊಟ ಶುರುವಾದ ಮೇಲೂ ಉಳಿಯಿತು.

ಊಟ ಅಂದರೆ ಹೇಗಿತ್ತು ಅಂತ ಹೇಳಬೇಕು. ಸ್ಟೀಲ್ ಬಟ್ಟಲಲ್ಲಿ ಮೊಸರನ್ನ. ಅದರ ಮೇಲೆ ಒಗ್ಗರಣೆಯ ಎಣ್ಣೆ ಸಣ್ಣ ಸಣ್ಣ ಹಳದಿ ಚುಕ್ಕೆಗಳಾಗಿ ತೇಲುತ್ತಿತ್ತು. ನನ್ನ ಕಣ್ಣಿಗೆ ಅನ್ನ ಕಾಣುತ್ತಿರಲಿಲ್ಲ, ಆ ಚುಕ್ಕೆಗಳೇ ಕಾಣುತ್ತಿದ್ದವು. ಚಮಚದ ಅಂಚಿನಲ್ಲಿ ಅವನ್ನು ಬದಿಗೆ ತಳ್ಳುತ್ತಾ ಕೂರುತ್ತಿದ್ದೆ. ಅಮ್ಮ ಮೊದಲೆರಡು ದಿನ ಗೋಗರೆದರು, ಗದರಿದರು. ಆಮೇಲೆ ಅವರನ್ನೂ ಕೂರಿಸಿ ಹೇಳಿಕೊಟ್ಟರು: ವಾದ ಬೇಡ, ಅಳು ಬೇಡ, ಹೊಗಳಿಕೆಯೂ ಬೇಡ, ಎದ್ದು ಹೋಗುವುದಂತೂ ಬೇಡವೇ ಬೇಡ. ಆಮೇಲೆ ಅಮ್ಮ ಒಂದೇ ಮಾತು ಹೇಳುತ್ತಿದ್ದರು, "ತಿನ್ನು ಮಗಾ, ನಾನು ಇಲ್ಲೇ ಕೂತಿರ್ತೀನಿ." ಬಟ್ಟಲು ಖಾಲಿಯಾಗುವವರೆಗೆ ಕೂತಿರುತ್ತಿದ್ದರು. ಮನೆಯವರನ್ನೇ ಚಿಕಿತ್ಸೆಯ ಕೇಂದ್ರದಲ್ಲಿಡುವ ಈ ರೀತಿ 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಬೆಳೆದದ್ದು. ಹೆಚ್ಚಾಗಿ ಹದಿಹರೆಯದ ಮಕ್ಕಳಿಗೆ ಬಳಸುತ್ತಾರೆ. ನಮ್ಮಂಥ ಮನೆಗಳಲ್ಲಿ ದೊಡ್ಡವರಿಗೂ ಹೊಂದುತ್ತದೆ ಅಂತ ನನ್ನ ಅನುಭವ.

ತಿಂದ ಮೇಲಿನ ಅರ್ಧ ಗಂಟೆ ತಿನ್ನುವುದಕ್ಕಿಂತ ಕಷ್ಟ. ಮೈ ಮೇಲೆಲ್ಲ ಏನೋ ಹರಿದಾಡಿದ ಹಾಗೆ, ಎದ್ದು ಓಡಬೇಕು ಅನ್ನಿಸುವ ಹಾಗೆ. ಅಮ್ಮ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ನಿನಿಂದ ಚೌಕಾಬಾರದ ಮನೆ ಬರೆದರು. ಹುಣಸೆಬೀಜಗಳನ್ನು ಆಸ್ಪತ್ರೆಯ ಕಿಟಕಿಕಟ್ಟೆಗೆ ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದರು. ಆಟದಲ್ಲಿ ಅಮ್ಮನಿಗೆ ದಯೆ ದಾಕ್ಷಿಣ್ಯ ಇಲ್ಲ, ಹಣ್ಣಾಗಲು ಒಂದೇ ಮನೆ ಇದ್ದ ನನ್ನ ಕಾಯಿಯನ್ನೂ ಹೊಡೆಯುತ್ತಿದ್ದರು. ಆ ಸಿಟ್ಟಿನಲ್ಲಿ ಅರ್ಧ ಗಂಟೆ ಕಳೆದುಹೋಗುತ್ತಿತ್ತು. ವಾರ್ಡಿನ ಆಯಾ ಕೂಡ ಒಂದೊಂದು ದಿನ ಮೂರನೆಯವರಾಗಿ ಕೂರುತ್ತಿದ್ದರು.

ಮಾತ್ರೆಯ ವಿಷಯ. ಹೊಟ್ಟೆಗಿಲ್ಲದ ದೇಹದಲ್ಲಿ ಖಿನ್ನತೆಯ ಮಾತ್ರೆಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಈ ಮಾತ್ರೆಗಳಲ್ಲಿ ಹಲವು ಸೆರೊಟೋನಿನ್ ಅನ್ನುವ ಮಿದುಳಿನ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ; ಅದು ತಯಾರಾಗಲು ಬೇಕಾದ ಟ್ರಿಪ್ಟೊಫ್ಯಾನ್ ಅನ್ನುವ ಅಂಶ ಬರುವುದು ಊಟದಿಂದಲೇ, ಅದೂ ಒಂದು ಕಾರಣವಿರಬಹುದು ಅನ್ನುತ್ತಾರೆ. ತೂಕ ಒಂದು ಮಟ್ಟಕ್ಕೆ ಬಂದ ಮೇಲೆ ಹಿಂದೆ ಕೊಟ್ಟು ಫಲ ಸಿಗದೆ ಬಿಟ್ಟಿದ್ದ ಮಾತ್ರೆಯನ್ನೇ ಮತ್ತೆ ಶುರುಮಾಡಿದರು. ಈ ಸಲ ಹಿಡಿಯಿತು. ಎಲ್ಲರೂ ತಿಳಿದಿರಬೇಕಾದ ಇನ್ನೊಂದು ಸಂಗತಿ: ಬುಪ್ರೊಪಿಯಾನ್ ಅನ್ನುವ ಖಿನ್ನತೆಯ ಮಾತ್ರೆಯನ್ನು ಅನೊರೆಕ್ಸಿಯಾ ಇರುವವರಿಗೂ, ಬುಲಿಮಿಯಾ (ಅತಿಯಾಗಿ ತಿಂದು, ಆಮೇಲೆ ಅದನ್ನು ಮೈಗೆ ಹತ್ತದಂತೆ ಕಳೆಯಲು ಹೆಣಗುವ ಕಾಯಿಲೆ) ಇರುವವರಿಗೂ ಕೊಡಬಾರದು, ಫಿಟ್ಸ್ ಬರುವ ಅಪಾಯ ಹೆಚ್ಚು. ಬುಲಿಮಿಯಾಕ್ಕೆ ಫ್ಲೂಒಕ್ಸೆಟಿನ್ ಕೊಡುತ್ತಾರೆ, ಅದೂ ಖಿನ್ನತೆಗೆ ಕೊಡುವುದಕ್ಕಿಂತ ಸಾಮಾನ್ಯವಾಗಿ ಹೆಚ್ಚಿನ ಡೋಸಿನಲ್ಲಿ. ಊಟದ ವಿಷಯ ಡಾಕ್ಟರಿಗೆ ಗೊತ್ತಿಲ್ಲದಿದ್ದರೆ ಮಾತ್ರೆಯ ಆಯ್ಕೆಯೇ ತಪ್ಪಬಹುದು. ಆದ್ದರಿಂದ ಮನೆಯವರು ಜೊತೆಗೆ ಹೋದರೆ ಒಳ್ಳೆಯದು. ರೋಗಿಯ ಬಾಯಿಂದ ಕಾಯಿಲೆಯೇ ಮಾತಾಡುತ್ತಿರುತ್ತದೆ, ಎಲ್ಲ ಸರಿಯಿದೆ ಅನ್ನುತ್ತಿರುತ್ತದೆ.

ಡಿಸ್ಚಾರ್ಜ್ ಆದ ಮೇಲೆ ವಾರಕ್ಕೊಮ್ಮೆ ಸೈಕಾಲಜಿಸ್ಟ್ ಹತ್ತಿರ ಹೋಗುತ್ತಿದ್ದೆ. ಅವರು ಒಂದು ನೋಟ್‌ಬುಕ್ ಕೊಟ್ಟರು. ಎಷ್ಟು ಹೊತ್ತಿಗೆ, ಏನು, ಎಲ್ಲಿ, ಯಾರ ಜೊತೆ ತಿಂದೆ, ಆಗ ಮನಸ್ಸಿನಲ್ಲಿ ಏನಿತ್ತು ಅಂತ ಬರೆಯಬೇಕು, ಕ್ಯಾಲೊರಿ ಬರೆಯಕೂಡದು. ಮೂರು ಊಟ, ನಡುವೆ ತಿಂಡಿ, ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬಿಡಬಾರದು. ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಕ್ರಮ ಇದು. ನೋಟ್‌ಬುಕ್ಕಿನ ಕೊನೆಯ ಕಾಲಮ್ಮಿನಲ್ಲಿ 'ದಪ್ಪ ಅನ್ನಿಸಿತು' ಅಂತ ಎಷ್ಟೋ ಕಡೆ ಬರೆದಿದ್ದೆ. ಒಂದು ದಿನ ಅವರು, "ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಮೈ ಬದಲಾಗೋಕೆ ಸಾಧ್ಯ ಇಲ್ವಲ್ಲ. ಹಾಗಾದ್ರೆ ಅಷ್ಟರೊಳಗೆ ಬದಲಾಗಿದ್ದು ಏನು?" ಅಂದರು. ಹಿಂದಿನ ಪುಟಗಳನ್ನು ತಿರುವಿ ನೋಡಿದೆವು. ಮ್ಯಾನೇಜರ್ ಮೆಸೇಜಿಗೆ ಉತ್ತರ ಕೊಡದ ದಿನ, ತಂಗಿಗೆ ಕೆಲಸ ಸಿಕ್ಕಿದ ದಿನ, ಅಪ್ಪ ಸಾಲದ ಮಾತಾಡಿದ ದಿನ. ಅವಮಾನ, ಹೊಟ್ಟೆಕಿಚ್ಚು, ಭಯ, ದುಃಖ ಎಲ್ಲವೂ ನನ್ನಲ್ಲಿ 'ದಪ್ಪ' ಅನ್ನುವ ಒಂದೇ ಜಾಗಕ್ಕೆ ಬಂದು ಬೀಳುತ್ತಿದ್ದವು. ಖಿನ್ನತೆಯಲ್ಲಿ ಇವೇ 'ನಾನು ಬೇಡದವಳು' ಅಂತ ಹೇಳುತ್ತಿದ್ದವು. ಎರಡು ಕಾಯಿಲೆಗಳೂ ಎಲ್ಲಿ ಕೂಡುತ್ತವೆ ಅಂತ ನನಗೆ ನಿಚ್ಚಳವಾಗಿ ಕಂಡದ್ದು ಆ ನೋಟ್‌ಬುಕ್ಕಿನಲ್ಲೇ. ಒಂದಕ್ಕೆ ಮಾತ್ರ ಚಿಕಿತ್ಸೆ ಮಾಡಿದರೆ ಇನ್ನೊಂದು ಅದನ್ನು ಮತ್ತೆ ಕರೆದು ತರುತ್ತದೆ.

ಊಟಕ್ಕೆ ಸಂಬಂಧಿಸಿದ ಇಂಥ ಕಾಯಿಲೆಗಳು ಇದ್ದವರೆಲ್ಲ ಎಲುಬು ಕಾಣುವ ಹಾಗೆ ಇರುತ್ತಾರೆ ಅಂದುಕೊಳ್ಳಬೇಡಿ. ಆಸ್ಪತ್ರೆಯ ಗುಂಪು ಸಭೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವರಲ್ಲಿ ದಪ್ಪಗಿರುವ ಗೃಹಿಣಿ ಇದ್ದರು, ಜಿಮ್ಮಿಗೆ ಹೋಗುವ ಹುಡುಗನಿದ್ದ. ಆ ಅಕ್ಕ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ದೀಪವನ್ನೂ ಹಾಕದೆ, ಹೊಟ್ಟೆ ನೋಯುವವರೆಗೆ ತಿಂದು, ಬೆಳಗಿನವರೆಗೆ ಅಳುತ್ತಿದ್ದರು. ಅದಕ್ಕೂ ಹೆಸರಿದೆ, ಬಿಂಜ್ ಈಟಿಂಗ್. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನು ಪ್ರತ್ಯೇಕ ಕಾಯಿಲೆ ಅಂತ ಸೇರಿಸಿತು. ಅವರ ಮನೆಯಲ್ಲಿ ಎಲ್ಲರೂ ಅದನ್ನು ಬಾಯಿಚಪಲ ಅನ್ನುತ್ತಿದ್ದರು. ಅವರಿಗಿದ್ದ ಖಿನ್ನತೆ ನನ್ನದಕ್ಕಿಂತ ಆಳವಾಗಿತ್ತು.

ಯಾರ ಹತ್ತಿರ ಹೋಗಬೇಕು ಅಂತ ಗೊತ್ತಾಗದವರು 14416ಕ್ಕೆ ಫೋನ್ ಮಾಡಬಹುದು. ಮಾನಸಿಕ ಆರೋಗ್ಯಕ್ಕಾಗಿ ಇರುವ ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಫೋನಿನಲ್ಲಿ ಮನಸ್ಸಿನ ವಿಷಯದ ಜೊತೆ ಊಟದ ವಿಷಯವನ್ನೂ ಬಿಡದೆ ಹೇಳಿ, ಅವರು ಕೇಳದಿದ್ದರೂ ಹೇಳಿ.

ನಾನು ಈಗಲೂ ಮಾತ್ರೆ ತೆಗೆದುಕೊಳ್ಳುತ್ತೇನೆ. ಮದುವೆ ಊಟಕ್ಕೆ ಹೋಗುವ ಮುಂಚೆ ಈಗಲೂ ಕೈ ತಣ್ಣಗಾಗುತ್ತದೆ. ಚಿಕಿತ್ಸೆ ಮುಗಿಯುವ ಹಂತದಲ್ಲಿ, ಕಾಯಿಲೆ ಮರಳಿ ಬರುವಾಗ ಮೊದಲು ಏನೇನು ಕಾಣುತ್ತದೆ ಅಂತ ಎರಡು ಪಟ್ಟಿ ಮಾಡಲು ಹೇಳಿದ್ದರು, ಒಂದು ಖಿನ್ನತೆಗೆ, ಒಂದು ಊಟಕ್ಕೆ. ಅಮ್ಮ ಮತ್ತು ನಾನು ಕೂತು ಬರೆದೆವು. ಬೆಳಗಿನ ತಿಂಡಿ ತಪ್ಪಿಸುವುದು, ಫೋನ್ ಎತ್ತದಿರುವುದು, ಬೆಳಗಿನ ಜಾವದ ಎಚ್ಚರ, ಸಡಿಲ ಬಟ್ಟೆ, ಹೊಸದೊಂದು ವ್ರತ. ಮೊದಲ ಮೂರು ಎರಡೂ ಪಟ್ಟಿಯಲ್ಲಿ ಬಂದವು, ಹಾಗಾಗಿ ಕೊನೆಗೆ ಒಂದೇ ಪಟ್ಟಿ ಇಟ್ಟುಕೊಂಡೆವು. ಅದರಲ್ಲಿ ಯಾವುದಾದರೂ ಎರಡು, ವಾರವಿಡೀ ಕಂಡರೆ ಮುಂದಿನ ತಾರೀಖಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು ಅಂತ ನಮ್ಮ ಮಾತು. ಕಳೆದ ಶ್ರಾವಣದಲ್ಲಿ ಹಾಗೆ ಹೋದೆವು. ಡೋಸ್ ಸ್ವಲ್ಪ ಹೆಚ್ಚಿಸಿದರು, ನೋಟ್‌ಬುಕ್ ಮತ್ತೆ ಶುರುಮಾಡಿಸಿದರು, ಆ ತಿಂಗಳ ಸೋಮವಾರಗಳಲ್ಲಿ ಅಮ್ಮ ತಾವೂ ಉಪವಾಸ ಬಿಟ್ಟು ನನ್ನ ಜೊತೆ ಊಟಕ್ಕೆ ಕೂತರು. ದೀಪಾವಳಿ ಹೊತ್ತಿಗೆ ಸರಿಹೋಗಿತ್ತು.